ಮುಚ್ಚಳದ ಮೇಲಿನ ಅಕ್ಷರ

ಹೋದ ವಾರ ಚೆನ್ನೈಯ ನಮ್ಮ ವಿಮಾ ಕಚೇರಿಯ ಮೀಟಿಂಗ್ ರೂಮಿನಲ್ಲಿ ಯಾರೋ ಪುಣ್ಯಾತ್ಮರು ಬಿಳಿ ಬೋರ್ಡಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟಿದ್ದರು. ಕಚೇರಿ ಸ್ವಚ್ಛ ಮಾಡುವ ಸೆಲ್ವಿ ನೀರು, ಸೋಪು ಎಲ್ಲ ಹಾಕಿ ತಿಕ್ಕಿ ಸೋತು, ಕೊನೆಗೆ ಎಲ್ಲಿಂದಲೋ ಒಂದು ಬಾಟಲಿ ಸ್ಪಿರಿಟ್ ತಂದಳು. ಬಿರಡೆ ತೆಗೆದದ್ದೇ ತಡ, ವಾಸನೆ ನನ್ನ ಮೇಜಿನವರೆಗೂ ಬಂತು. ಆ ಬರಹದ ಮೇಲೆಯೇ ಬೋರ್ಡಿಗೆ ಬರೆಯುವ ಮಾರ್ಕರಿನಿಂದ ಗೀಚಿ ಒರೆಸು, ಎರಡೂ ಒಟ್ಟಿಗೆ ಬರುತ್ತವೆ ಎಂದು ತಮಿಳಿನಲ್ಲಿ ಹೇಳಿ, ಹೊರಗೆ ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಸೆಲ್ವಿ ಬಂದು, "ಪೋಯಿಡ್ಚಿ ಮೇಡಂ! ಇದೆಲ್ಲಾಂ ಉಂಗಳುಕ್ಕು ಎಪ್ಪಡಿ ತೆರಿಯುಂ?" ಎಂದು ಬೆರಗಾಗಿ ಕೇಳಿದಳು.

ಹೇಗೆ ಗೊತ್ತು ಎಂದು ಏನು ಹೇಳಲಿ? ಒಂದು ನವೆಂಬರ್ ತಿಂಗಳು ಪೂರ್ತಿ ನಮ್ಮ ಮನೆಯಲ್ಲಿ ಇದೇ ಕೆಲಸ ನಡೆದಿತ್ತು. ಆ ತಿಂಗಳು ಮುಗಿಯುವ ಹೊತ್ತಿಗೆ ನನಗೆ ನನ್ನ ಬಗ್ಗೆ ಗೊತ್ತಾದ ಒಂದೆರಡು ಸಂಗತಿಗಳು ಯಾವ ಸ್ಪಿರಿಟ್ಟಿಗೂ ಹೋಗುವಂಥವಲ್ಲ.

ಆಗ ನನ್ನ ಮಗಳು ವೈಷ್ಣವಿ ಎಂಟನೇ ಕ್ಲಾಸು. ಪುರಸೈವಾಕ್ಕಂನ ಒಂದು ಗಲ್ಲಿಯಲ್ಲಿ, ಕೆಳಗೆ ಸೀರೆ ಅಂಗಡಿಗಳ ಗದ್ದಲ ಕೇಳುವ ಎರಡನೇ ಮಹಡಿಯಲ್ಲಿ ನಾವು ನಾಲ್ಕು ಜನ: ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ಮುರಳಿ, ನಾನು, ವೈಷು, ಮತ್ತು ಅತ್ತೆ ರುಕ್ಮಿಣಮ್ಮ. ಅತ್ತೆ ಮದುವೆಯಾಗಿ ಕೋಲಾರದ ಕಡೆಯಿಂದ ಇಲ್ಲಿಗೆ ಬಂದವರು. ಕೋಯಂಬೇಡು ಮಾರುಕಟ್ಟೆಯ ತರಕಾರಿಯವರ ಬಾಯಿಯನ್ನೂ ಅವರದೇ ತಮಿಳಿನಲ್ಲಿ ಮುಚ್ಚಿಸುವಷ್ಟು ಗಟ್ಟಿಗಿತ್ತಿ. ಆದರೆ ಓದುವುದು ಎಂದರೆ ಕನ್ನಡ ಮಾತ್ರ. ಮಗಳದ್ದು ಇದರ ತಿರುಗುಮುರುಗು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಬರುವುದು ಕನ್ನಡ ಬೆರೆಸಿದ ತಮಿಳಿನಲ್ಲಿ. ಅಕ್ಷರವಂತೂ ಒಂದೂ ಗೊತ್ತಿಲ್ಲ. ಅಜ್ಜಿ ಕನ್ನಡದಲ್ಲಿ ಬೈಯುವುದು, ಮೊಮ್ಮಗಳು ತಮಿಳಿನಲ್ಲಿ ವಾದಿಸುವುದು, ಇಬ್ಬರೂ ಒಂದೇ ತಟ್ಟೆಯಲ್ಲಿ ಮುರುಕು ತಿನ್ನುವುದು. ನನಗೂ ಕಲಿಸಬೇಕು ಎನ್ನಿಸುತ್ತಿತ್ತು. ಬೇಸಿಗೆ ರಜೆ ಬರಲಿ, ಬರಲಿ ಎಂದು ಮುಂದೂಡುತ್ತಲೇ ಬಂದೆ.

ಅತ್ತೆಗೆ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಮೂರೂ ಇದ್ದವು. ಬೆರಳ ಗಂಟುಗಳು ಊದಿಕೊಂಡಿದ್ದರಿಂದ ಮಾತ್ರೆಯ ಹಾಳೆ ಒತ್ತಿ ಬಿಡಿಸಲು ಆಗುತ್ತಿರಲಿಲ್ಲ. ಆದ್ದರಿಂದ ಪ್ರತಿ ಭಾನುವಾರ ನಾನೇ ಕೂತು ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ, ಮೂರು ಪುಟ್ಟ ಸ್ಟೀಲ್ ಡಬ್ಬಿಗಳಿಗೆ ಹಾಕಿಡುತ್ತಿದ್ದೆ. ಪ್ಲಾಸ್ಟಿಕ್ ಡಬ್ಬಿ ತಂದಾಗ ಅದು ತಮಗೆ ಒಗ್ಗುವುದಿಲ್ಲ ಎಂದು ಮೂಲೆಗೆ ಸರಿಸಿದ್ದರು. ಕುಂಕುಮ ಇಡುವಂಥ ಡಬ್ಬಿಗಳು, ಮೂರೂ ಒಂದೇ ಅಳತೆ, ನಮ್ಮ ಬೀದಿಯ ಪಾತ್ರೆ ಅಂಗಡಿಯಲ್ಲೇ ಕೊಂಡದ್ದು. ಮುಚ್ಚಳದ ಮೇಲೆ ಕಪ್ಪು ಪರ್ಮನೆಂಟ್ ಮಾರ್ಕರಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿದ್ದೆ: ಸಕ್ಕರೆ, ಬೆಳಗ್ಗೆ ಒಂದು. ಬಿ.ಪಿ., ಬೆಳಗ್ಗೆ ಒಂದು. ಮಂಡಿ, ದಿನಕ್ಕೆ ಮೂರು. ಬಿ.ಪಿ. ಮಾತ್ರೆ ಗುಲಾಬಿ ಬಣ್ಣದ್ದು. ಉಳಿದೆರಡೂ ಸಣ್ಣ ಬಿಳಿ ಮಾತ್ರೆಗಳು. ಸಕ್ಕರೆಯದರ ನಡುವೆ ಒಂದು ಗೀಟು ಇತ್ತು, ಅಷ್ಟೇ ವ್ಯತ್ಯಾಸ. ಅಷ್ಟು ಸಣ್ಣ ಗೀಟು ಅತ್ತೆಯ ಕಣ್ಣಿಗೆ ಕಾಣುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಅಚ್ಚುಕಟ್ಟಾದ ವ್ಯವಸ್ಥೆ ಮಾಡಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ದೀಪಾವಳಿ ಮುಗಿದ ಮೇಲೆ ವೈಷುವಿನ ಶಾಲೆಯಲ್ಲಿ ವಿಜ್ಞಾನ ಮೇಳ ಎಂದರು. ಬೇರೆ ಮಕ್ಕಳು ಜ್ವಾಲಾಮುಖಿ, ಗಾಳಿಯಂತ್ರ ಎಂದು ಹೊರಟರೆ ನನ್ನ ಮಗಳು ಹಿಡಿದದ್ದು ಪರ್ಮನೆಂಟ್ ಮಾರ್ಕರ್. ಗಾಜು, ಟೈಲ್ಸು, ಪ್ಲಾಸ್ಟಿಕ್ಕು, ಬಟ್ಟೆ, ಸ್ಟೀಲು, ಒಂದೊಂದರ ಮೇಲೂ ಗೀಚುವುದು, ಯಾವುದಕ್ಕೆ ಏನು ಹಚ್ಚಿದರೆ ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ನೋಡುವುದು. ಮನೆಯಲ್ಲಿ ಗೀಚದ ಜಾಗ ಉಳಿಯಲಿಲ್ಲ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿಗಳು ಅಟ್ಟದಿಂದ ಕೆಳಗಿಳಿದವು. ನನ್ನ ನೈಲ್ ಪಾಲಿಶ್ ರಿಮೂವರ್, ಅವರಪ್ಪನ ಶೇವಿಂಗ್ ಲೋಷನ್, ಟೂತ್‌ಪೇಸ್ಟು, ಕೊಬ್ಬರಿ ಎಣ್ಣೆ, ಅಡುಗೆಮನೆಯ ನಿಂಬೆಹಣ್ಣು ಎಲ್ಲಕ್ಕೂ ಕೆಲಸ ಬಂತು. ನಿಂಬೆರಸ ದಂಡ ಎಂದು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಂಡಳು. ಬಚ್ಚಲ ಟೈಲ್ಸಿನ ಮೇಲೆ ಅರ್ಧ ಅಳಿಸಿದ ಒಂದು ಚಿಟ್ಟೆಯನ್ನು ನೋಡಿ ನಾನು ಕೂಗಾಡಿದೆ. ಅತ್ತೆ, "ಇರ್ಲಿ ಬಿಡೇ, ಓದೋ ಮಗು ಏನೋ ಮಾಡ್ಕೊಳ್ತಾಳೆ" ಎಂದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಚೆನ್ನೈಯಲ್ಲಿ ನವೆಂಬರಿನಲ್ಲಿ ಮಕ್ಕಳೆಲ್ಲ ಟಿವಿ ಮುಂದೆ ಕೂತು, ಕಲೆಕ್ಟರು ರಜೆ ಕೊಟ್ಟರಾ ಎಂದು ಕಾಯುವುದು ಒಂದು ವ್ರತದ ಹಾಗೆ. ಆ ಸೋಮವಾರ ಕೊಟ್ಟರು. ವಿಮಾ ಕಚೇರಿಗಳಿಗೆ ಮಳೆ ಕಾಣುವುದಿಲ್ಲವಾದ್ದರಿಂದ ನಾನು ಸೀರೆ ಎತ್ತಿ ಹಿಡಿದು ನೀರಿನಲ್ಲಿ ಹೋದೆ, ಮುರಳಿಯೂ ಹೋದರು. ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಸಂಜೆ ಬಂದಾಗ ಅತ್ತೆ ಬಿಸಿ ಬೋಂಡಾ ಮಾಡಿಟ್ಟಿದ್ದರು. ವೈಷು ಏನೋ ಫೋಟೋ ತೆಗೆದುಕೊಂಡು ಖುಷಿಯಾಗಿದ್ದಳು. ನಾನು ಏನೆಂದು ಕೇಳಲಿಲ್ಲ.

ಬುಧವಾರ ಹನ್ನೊಂದು ಗಂಟೆಯ ಸುಮಾರಿಗೆ ಎದುರುಮನೆ ಜಯಂತಿಯ ಫೋನು. ಅತ್ತೆ ಬಾಗಿಲಲ್ಲೇ ಬಿದ್ದಿದ್ದಾರೆ, ಮೈಯೆಲ್ಲ ಬೆವರು, ಕೂಗಿದರೆ ಕಣ್ಣು ಬಿಡುತ್ತಿಲ್ಲ. ಮುರಳಿಯ ಕಚೇರಿ ಹತ್ತಿರ, ಅವರು ಮೊದಲು ತಲುಪಿದರು. ಆಂಬುಲೆನ್ಸಿನ ಹುಡುಗ ಅವರು ತೆಗೆದುಕೊಳ್ಳುವ ಮಾತ್ರೆ ಎಲ್ಲ ತನ್ನಿ ಎಂದು ಅವಸರಿಸಿದನಂತೆ. ಇವರು ಗಾಬರಿಯಲ್ಲಿ ಮೂರು ಡಬ್ಬಿಯನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು ಓಡಿದರು.

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅತ್ತೆಯ ಕೈಗೆ ಗ್ಲೂಕೋಸ್ ಏರುತ್ತಿತ್ತು. ರಕ್ತದಲ್ಲಿ ಸಕ್ಕರೆ ತಳ ಕಂಡಿದೆ, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಕ್ಕರೆ ಮಾತ್ರೆ ಜಾಸ್ತಿ ತೆಗೆದುಕೊಂಡಿರಬೇಕು ಎಂಬ ಅನುಮಾನ ಡಾಕ್ಟರಿಗೆ. ನರ್ಸಮ್ಮ ಕವರಿನಲ್ಲಿದ್ದ ಗೀಟಿನ ಮಾತ್ರೆಗಳನ್ನು ಹುಡುಕಿದರು. ಭಾನುವಾರ ಏಳು ಹಾಕಿದ್ದೆ. ಅಂದಿನದೂ ಸೇರಿ ಮೂರು ಹೋಗಿ ನಾಲ್ಕು ಉಳಿಯಬೇಕಿತ್ತು. ಸಿಕ್ಕಿದ್ದು ಒಂದು.

"ನೀನು ಸರಿಯಾಗಿ ಹಾಕಿದ್ದೆ ತಾನೇ?" ಎಂದು ಮುರಳಿ ಕೇಳಿದರು.

"ಎಣಿಸಿ ಹಾಕಿದೀನಿ ರೀ."

"ಹಾಗಾದ್ರೆ ಅಮ್ಮ ತಗೊಂಡಿದ್ದು ಮರೆತು ಮತ್ತೆ ಮತ್ತೆ ತಗೊಂಡಿದಾಳೆ."

ಆ ಮಾತು ಬಿದ್ದಾಗ ನನಗೆ ದುಃಖ ಆಯಿತು ಎಂದರೆ ಅರ್ಧ ಸತ್ಯ. ಮೊದಲು ಆದದ್ದು ಸಮಾಧಾನ. ತಪ್ಪು ನನ್ನದಲ್ಲವಲ್ಲ ಎಂಬ ಸಮಾಧಾನ.

ಸಂಜೆ ಅತ್ತೆ ಕಣ್ಣು ಬಿಟ್ಟ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು ತಲೆ ನೆಟ್ಟಗಿದೆಯೇ ಎಂದು ನೋಡಲು ಇವತ್ತಿನ ತಾರೀಖು ಕೇಳಿದರು. "ಪಾಟಿ, ಇನ್ನಿಕ್ಕಿ ಎನ್ನ ತೇದಿ?"

ಅತ್ತೆ ಕಣ್ಣು ಮುಚ್ಚಿಕೊಂಡೇ, "ಕಾರ್ತಿಕ ಶುದ್ಧ ಸಪ್ತಮಿ" ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ಅಂದು ಸಪ್ತಮಿಯೇ. ಬೆಳಗ್ಗೆ ದೇವರ ಮುಂದೆ ಅತ್ತೆ ಹೇಳಿಕೊಂಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಇಸವಿ, ತಿಂಗಳು, ತಾರೀಖು ಎಂದು ಅವರು ಯಾವತ್ತೂ ಲೆಕ್ಕ ಇಟ್ಟವರೇ ಅಲ್ಲ, ಅವರ ದಿನವೆಲ್ಲ ಪಂಚಾಂಗದ್ದು. ಇದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಿದರೆ ಇವರ ತಲೆ ಸರಿಯಾಗಿದೆ ಎಂದಾಗುತ್ತದೆ, ಆಮೇಲೆ ಡಬ್ಬಿಗೆ ಮಾತ್ರೆ ಹಾಕಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾನು ಸುಮ್ಮನಿದ್ದೆ. ಡಾಕ್ಟರು ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ಈ ವಿಷಯವನ್ನು ನಾನು ಅತ್ತೆಗೆ ಅವರು ಇರುವ ತನಕ ಹೇಳಲಿಲ್ಲ, ಗಂಡನಿಗೆ ಇವತ್ತಿಗೂ ಹೇಳಿಲ್ಲ.

ಎರಡು ದಿನಕ್ಕೆ ಅತ್ತೆಯನ್ನು ಮನೆಗೆ ಕಳಿಸಿದರು. ಮನೆಯ ನಡೆ ಬದಲಾಯಿತು. ನಾನು ಡಬ್ಬಿ, ಮುಚ್ಚಳ ತೊಳೆದು ಹೊಸದಾಗಿ ಮಾತ್ರೆ ತುಂಬಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಮುರಳಿ ಕೆಲಸಕ್ಕೆ ಹೋಗುವಾಗ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಮೇಲೆ ಇಡುತ್ತಿದ್ದರು. ಸಂಜೆ ದೇವಸ್ಥಾನಕ್ಕೆ ಒಬ್ಬರೇ ಹೋಗುವುದು ನಿಂತಿತು. ಹಿಂದೆ ಆದ ಸಣ್ಣಪುಟ್ಟದ್ದೆಲ್ಲ ಈಗ ಸಾಕ್ಷಿಯಾಗಿ ಎದ್ದು ಬಂತು. ಹೋದ ತಿಂಗಳು ಹಾಲು ಉಕ್ಕಿಸಿದ್ದರಲ್ಲ, ನನ್ನ ಹೆಸರು ಕರೆಯುವಾಗ ಒಂದು ಸಲ ನಾದಿನಿಯ ಹೆಸರು ಹೇಳಿದ್ದರಲ್ಲ. ನಾನು ವಾರಕ್ಕೆ ಎರಡು ಸಲ ಹಾಲು ಉಕ್ಕಿಸುತ್ತೇನೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊದಲ ದಿನ, "ನಾನು ಒಂದೇ ತಗೊಂಡಿದ್ದು ಕಣೋ" ಎಂದರು. ಮುರಳಿ ಕೈ ಹಿಡಿದುಕೊಂಡು, "ಆಯ್ತಮ್ಮ, ಬಿಡು" ಎಂದರು, ಮಗುವಿಗೆ ಹೇಳುವ ಹಾಗೆ. ಎರಡನೇ ದಿನ, "ತಗೊಂಡಿದ್ನೇನೋ" ಎಂದರು. ಆಮೇಲೆ ಆ ಮಾತೇ ಆಡಲಿಲ್ಲ. ಒಂದು ಬೆಳಗ್ಗೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಸುಮಾ, ನಾನು ಸ್ನಾನ ಮಾಡಿದ್ನಾ?"

ನಾನು ಅವರ ತಲೆಯಿಂದ ಹೆಗಲ ಮೇಲೆ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತ ನಿಂತೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ನನ್ನ ಬಾಯಿಂದ ಕೇಳಿದರೆ ಮಾತ್ರ ನಂಬಿಕೆ.

"ಮಾಡಿದೀರಿ ಅತ್ತೆ" ಎಂದೆ. ಅವರು ತಲೆಯಾಡಿಸಿ ಹೋದರು. ನನಗೆ ಅಂದು ಕಚೇರಿಯಲ್ಲಿ ಒಂದು ಫೈಲೂ ಮುಂದೆ ಹೋಗಲಿಲ್ಲ.

ಹಗಲು ಹೊತ್ತು ಅವರೊಬ್ಬರನ್ನೇ ಬಿಡುವುದು ಹೇಗೆ ಎಂಬುದು ದೊಡ್ಡ ಸಮಸ್ಯೆಯಾಯಿತು. ಕ್ರೋಂಪೇಟೆಯ ಆಚೆ ಮರೆವಿನವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಜಾಗ ಇದೆ ಎಂದು ಯಾರೋ ಮುರಳಿಗೆ ಹೇಳಿದರು. ಅವರು ಒಂದು ಸಂಜೆ ಲೋಕಲ್ ರೈಲು ಹತ್ತಿ ಹೋಗಿ ನೋಡಿಕೊಂಡೂ ಬಂದರು. ಶುಚಿಯಾಗಿದೆ, ಗಿಡಗಳಿವೆ, ಜನ ಒಳ್ಳೆಯವರು ಎಂದರು. ಶನಿವಾರ ಕೀಳ್ಪಾಕ್ಕಂನಲ್ಲಿ ನರರೋಗದ ಡಾಕ್ಟರನ್ನು ಕಾಣುವುದು, ಅವರು ಮರೆವಿನ ಕಾಯಿಲೆ ಹೌದು ಎಂದರೆ ತಿಂಗಳ ಕೊನೆಗೆ ಅಲ್ಲಿಗೆ ಸೇರಿಸುವುದು ಎಂದು ನಿಶ್ಚಯವಾಯಿತು. ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ.

"ಅಲ್ಲಿ ಕನ್ನಡ ಮಾತಾಡೋರು ಇದಾರೇನಪ್ಪಾ?"

ಮುರಳಿ ಎದ್ದು ಬಾಲ್ಕನಿಗೆ ಹೋದರು. ಅವರು ಅಲ್ಲಿ ಅಳುತ್ತಿದ್ದದ್ದು ನನಗೆ ಗೊತ್ತು. ನಮ್ಮಲ್ಲಿ ಯಾರೂ ಕೆಟ್ಟವರಲ್ಲ, ಅದೇ ಹೆದರಿಕೆಯ ಸಂಗತಿ. ಒಳ್ಳೆಯವರೆಲ್ಲ ಸೇರಿಯೇ ಒಬ್ಬ ಹೆಂಗಸನ್ನು ಮನೆಯಿಂದ ಹೊರಗೆ ಕಳಿಸುವ ಏರ್ಪಾಡು ಮಾಡಿಬಿಟ್ಟಿದ್ದೆವು.

ವಿಜ್ಞಾನ ಮೇಳವೂ ಅದೇ ಶನಿವಾರ ಬಿತ್ತು. ಮುರಳಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು, ನಾನು ಶಾಲೆಗೆ ಹೋಗುವುದು ಎಂದಾಯಿತು. ಅತ್ತೆ ಒಳ್ಳೆಯ ಸೀರೆ ಉಟ್ಟುಕೊಂಡು ಏಳು ಗಂಟೆಗೇ ಸಿದ್ಧವಾಗಿ ಕೂತಿದ್ದರು. ಮಡಿಲಲ್ಲಿ ಇಟ್ಟುಕೊಂಡಿದ್ದ ಕೈಬೆರಳು ಮಡಚಿ ಮಡಚಿ ಏನೋ ಹೇಳಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಕೇಳಿದರೆ, ನಮ್ಮೆಲ್ಲರ ಹೆಸರು, ನಮ್ಮ ಮನೆ ನಂಬರು, ಬೀದಿ ಹೆಸರು. ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದರು.

ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೈಷುವಿನ ಮೇಜು ಕಿಟಕಿಯ ಪಕ್ಕ. ಗಾಜಿನ ಲೋಟ, ಟೈಲ್ಸಿನ ತುಂಡು, ಹಳೆಯ ಟಿಫಿನ್ ಡಬ್ಬಿ ಎಲ್ಲ ಸಾಲಾಗಿ ಇಟ್ಟುಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ನಿಂತಿದ್ದಳು. ಹಿಂದೆ ದೊಡ್ಡ ಚಾರ್ಟು. ಪರ್ಮನೆಂಟ್ ನಿಜವಾಗಿ ಪರ್ಮನೆಂಟಾ ಎಂದು ಇಂಗ್ಲಿಷಿನಲ್ಲಿ ತಲೆಬರಹ. ಕೆಳಗೆ ಎಡಗಡೆ ಮೊದಲಿನ ಫೋಟೋ, ಬಲಗಡೆ ಆಮೇಲಿನ ಫೋಟೋ. ನಾನು ಮಗಳ ಕೆನ್ನೆ ಹಿಂಡಿ, ಒಂದೊಂದಾಗಿ ನೋಡುತ್ತ ಬಂದೆ. ಕೊನೆಯ ಸಾಲಿನಲ್ಲಿ ಮೂರು ಸ್ಟೀಲ್ ಮುಚ್ಚಳಗಳು. ಎಡಗಡೆ ಫೋಟೋದಲ್ಲಿ ನನ್ನ ಅಕ್ಷರ. ಸಕ್ಕರೆ, ಬಿ.ಪಿ., ಮಂಡಿ. ಬಲಗಡೆ ಫೋಟೋದಲ್ಲಿ ಮೂರೂ ಬೆಳ್ಳಗೆ ಹೊಳೆಯುತ್ತಿದ್ದವು.

ಆ ಫೋಟೋದ ಮೇಲೆ ಬೆರಳಿಟ್ಟೆ.

"ವೈಷು, ಇದು ಅಜ್ಜಿ ಮಾತ್ರೆ ಡಬ್ಬಿ ಮುಚ್ಚಳ ಅಲ್ವಾ?"

"ಆಮಾಮ್ಮಾ. ಮಿಸ್ ಸೊನ್ನಾಂಗ, ಹೊಸ ಇಂಕ್ ಎಲ್ಲಾರುಂ ತೆಗೀತಾರೆ, ಪಳಸು ವೇಣುಂ ಅಂತ. ನಮ್ಮ ಮನೇಲಿ ಇದೊಂದೇ ಹಳೇದು ಇದ್ದಿದ್ದು." ನನ್ನ ಮುಖ ನೋಡಿ ಅವಳಿಗೆ ಬೈಗುಳದ ಭಯವಾಯಿತು. "ಆದ್ರೆ ತಿರುಪ್ಪಿ ಎಳುದಿಟ್ಟೇನ್ ಮಾ! ಫೋಟೋ ಪಾತ್ತು ಅಪ್ಪಡಿಯೇ ಬರೆದೆ. ನಿನಗೇ ಗೊತ್ತಾಗ್ಲಿಲ್ಲ ನೋಡು!"

ನಿಜ, ನನಗೆ ಗೊತ್ತಾಗಿರಲಿಲ್ಲ. ಚಿತ್ರ ಬಿಡಿಸುವ ಕೈ ಅವಳದು. ಅಕ್ಷರ ಗೊತ್ತಿಲ್ಲದೆಯೂ ನನ್ನ ಒತ್ತು, ದೀರ್ಘ, ಬಾಲ ಯಾವುದನ್ನೂ ಬಿಡದೆ ಬರೆದಿದ್ದಳು.

"ಯಾವತ್ತು?"

"ಮಳೆ ಲೀವ್ ಅನ್ನಿಕ್ಕಿ. ಅಜ್ಜಿ ಊಟ ಆಗಿ ಮಲಗಿದ್ದಾಗ."

"ಬರೆದ ಮೇಲೆ ಯಾವ ಮುಚ್ಚಳ ಯಾವ ಡಬ್ಬಿಗೆ ಹಾಕಿದೆ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಾಂ ಒರೇ ಸೈಜ್ ದಾನೇಮ್ಮಾ?" ಎಂದಳು. ಎಲ್ಲ ಒಂದೇ ಅಳತೆ, ಯಾವುದನ್ನು ಯಾವುದಕ್ಕೆ ಹಾಕಿದರೇನು ಎಂದು ಅವಳ ಲೆಕ್ಕ.

ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಫೋಟೋದ ಕಡೆ ತಿರುಗಿ, ನನ್ನ ಕಡೆ ತಿರುಗಿ, ಮತ್ತೆ ಫೋಟೋ ನೋಡಿದಳು. ಎಂಟನೇ ಕ್ಲಾಸಿನ ಮಗುವಿನ ಮುಖದಲ್ಲಿ ಬಣ್ಣ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. "ಅಜ್ಜಿ ಮಯಂಗಿ ಬಿದ್ದದ್ದು... ನನ್ನಿಂದ್ಲಾ?" ಎಂದಳು. ಅಷ್ಟು ಹೊತ್ತಿಗೆ ತೀರ್ಪುಗಾರರಿಬ್ಬರು ಪಕ್ಕದ ಮೇಜು ಮುಗಿಸಿ ನಗುನಗುತ್ತ ಇತ್ತ ಬಂದರು. ಒಬ್ಬರು, ಹೇಳಮ್ಮಾ, ಏನು ಮಾಡಿದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವಳು ಅಂಗೈಯಿಂದ ಆ ಫೋಟೋ ಮುಚ್ಚಿದಳು. ಅವಳನ್ನು ಅಪ್ಪಿಕೊಳ್ಳಬೇಕಿತ್ತು, ಬೆನ್ನಿಗೊಂದು ಗುದ್ದಬೇಕೆಂದೂ ಇತ್ತು. ಎರಡಕ್ಕೂ ಹೊತ್ತಿರಲಿಲ್ಲ. ಗಂಟೆ ಹತ್ತೂಮುಕ್ಕಾಲು, ಡಾಕ್ಟರ ಹತ್ತಿರ ಹನ್ನೊಂದಕ್ಕೆ. ಮಿಸ್ಸಿಗೆ ಮಗುವನ್ನು ನೋಡಿಕೊಳ್ಳಿ ಎಂದು ಹೇಳಿ, ಮಗಳಿಗೆ, "ಅಜ್ಜಿಗೆ ಏನೂ ಆಗಲ್ಲ, ನಾನು ಹೋಗ್ತಿದೀನಿ" ಎಂದು ಹೇಳಿ ಓಡಿದೆ.

ಮುರಳಿಯ ಫೋನು ರಿಂಗಾಗುತ್ತಲೇ ಇತ್ತು. ಡಾಕ್ಟರುಗಳ ಹತ್ತಿರ ಹೋದಾಗ ಸದ್ದಡಗಿಸಿ ಜೇಬಿಗೆ ಹಾಕಿಕೊಳ್ಳುವುದು ಅವರ ಶಿಸ್ತು. ಮತ್ತೆ ಮಳೆ ಶುರುವಾಗಿತ್ತು. ಆಟೋದವರೊಬ್ಬರು ಬರಲ್ಲ ಎಂದರು, ಎರಡನೆಯವರು ಬಂದರು. ವೇಪೇರಿಯ ಸಿಗ್ನಲ್ಲಿನಲ್ಲಿ ಬಸ್ಸೊಂದು ಕೆಟ್ಟು ಅಡ್ಡ ನಿಂತಿತ್ತು. "ಅಣ್ಣಾ, ಸೀಕ್ರಂ ಪೋಂಗ" ಎಂದು ನಾನು ಅವಸರಿಸುವುದು, "ಪರಕ್ಕವಾ ಮುಡಿಯುಂ ಮಾ?", ಹಾರಲಾಗುತ್ತದೆಯೇ ಎಂದು ಅವರು ಹೇಳುವುದು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಅವರು ಈಗ ಒಳಗೆ ಹೋಗಿರುತ್ತಾರೆ, ಪ್ರಶ್ನೆ ಕೇಳುತ್ತಿರುತ್ತಾರೆ, ಹೆದರಿದ ಅತ್ತೆ ಗೊತ್ತಿರುವುದನ್ನೂ ತಪ್ಪು ಹೇಳುತ್ತಾರೆ. ಹೌದು ಎಂದು ಒಂದು ಸಲ ಡಾಕ್ಟರು ಬರೆದರೆ ಆಮೇಲೆ ಅದನ್ನು ಅಳಿಸುವವರು ಯಾರು?

ಡಾಕ್ಟರ ಕೋಣೆಯ ಬಾಗಿಲ ಹತ್ತಿರ ಕೂತಿದ್ದ ಹುಡುಗಿ ತಡೆದಳು. ನಾನು ತಡೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಒಳಗೆ ಡಾಕ್ಟರಮ್ಮ, ಎದುರಿಗೆ ಕುರ್ಚಿಯ ತುದಿಯಲ್ಲಿ ಅತ್ತೆ, ಹಿಂದೆ ಕೈಕಟ್ಟಿ ನಿಂತ ಮುರಳಿ. ಅತ್ತೆಯ ಮುಂದೆ ಮರೆವಿನ ಪರೀಕ್ಷೆಯ ಒಂದು ಹಾಳೆ, ಅದರಲ್ಲಿ ಗಡಿಯಾರದ ಸುತ್ತು ಬರೆದು, ಮುಳ್ಳು ಎಲ್ಲಿ ಹಾಕುವುದೆಂದು ತಿಳಿಯದೆ ಪೆನ್ನು ಹಿಡಿದು ಕೂತಿದ್ದರು. ನಾನು ಸೀರೆಯಿಂದ ನೀರು ಸುರಿಸುತ್ತ, ತಮಿಳು ಕನ್ನಡ ಎಲ್ಲ ಕಲಸಿ, ಇದ್ದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಸಕ್ಕರೆ, ಮಂಡಿ ಎರಡರ ಮುಚ್ಚಳ ಅದಲುಬದಲಾಗಿತ್ತು. ಮಂಡಿ ಎಂದು ಬರೆದ ಡಬ್ಬಿಯಲ್ಲಿ ಸಕ್ಕರೆ ಮಾತ್ರೆ ಇತ್ತು. ಇವರು ಬರೆದದ್ದನ್ನು ಓದಿ, ಬರೆದ ಹಾಗೆಯೇ ದಿನಕ್ಕೆ ಮೂರು ತೆಗೆದುಕೊಂಡಿದ್ದಾರೆ.

ಮುರಳಿ ನನ್ನನ್ನೇ ನೋಡಿ, "ಅದು ಹೇಗೆ ಹೇಳ್ತೀಯ? ಫೋಟೋ ಇದ್ರೆ ಆಯ್ತಾ?" ಎಂದರು. ನಂಬಲು ಅವರಿಗೆ ಆಸೆಯಿತ್ತು, ಆಸೆಯಿದ್ದದ್ದರಿಂದಲೇ ಹೆದರಿಕೆ.

ಡಾಕ್ಟರಮ್ಮ ಕೇಳಿದರು, ಅವತ್ತಿನ ಮಾತ್ರೆ ಯಾವುದಾದರೂ ಉಳಿದಿದೆಯಾ ಎಂದು. ಮುರಳಿಯ ಆಸ್ಪತ್ರೆ ಫೈಲಿನ ಚೀಲದಲ್ಲಿ ಆ ಪ್ಲಾಸ್ಟಿಕ್ ಕವರು ಗಂಟು ಹಾಕಿದ ಹಾಗೆಯೇ ಇತ್ತು. ಅವತ್ತು ಎಲ್ಲರೂ ಸಕ್ಕರೆ ಮಾತ್ರೆಯನ್ನು ಮಾತ್ರ ಎಣಿಸಿದ್ದೆವು. ಮಂಡಿನೋವಿನ ಮಾತ್ರೆಯ ಗೋಜಿಗೆ ಯಾರೂ ಹೋಗಿರಲಿಲ್ಲ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಎಲ್ಲವನ್ನೂ ಸುರಿದು, ಪೆನ್ನಿನ ತುದಿಯಿಂದ ಗೀಟಿಲ್ಲದ ಬಿಳಿ ಮಾತ್ರೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸತೊಡಗಿದರು. ನಾನು ಎಣಿಸಿದೆ, ಮುರಳಿ ಎಣಿಸಿದರು, ನಡುವೆ ಇಬ್ಬರಿಗೂ ತಪ್ಪಿತು. ಆಗ ಅತ್ತೆಯ ದನಿ ಕೇಳಿತು. ಮೇಜಿನ ಮೇಲೆ ಬಾಗಿ ಕನ್ನಡದಲ್ಲಿ ಎಣಿಸುತ್ತಿದ್ದರು. "ಹದಿನೈದು. ಹದಿನಾರು. ಹದಿನೇಳು."

ಎಣಿಸುವುದು ಮುಗಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಭಾನುವಾರ ಎಷ್ಟು ಹಾಕಿದ್ದೆ?"

"ಇಪ್ಪತ್ತೊಂದು."

"ಸೋಮವಾರ ಮೂರು, ಮಂಗಳವಾರ ಮೂರು, ಬುಧವಾರ ಬೆಳಗ್ಗೆ ಒಂದು. ಏಳು ಹೋಗಬೇಕಿತ್ತು. ಹದಿನಾಲ್ಕು ಇರಬೇಕು ಇಲ್ಲಿ." ಬೆರಳಿನಿಂದ ಮೂರು ಮಾತ್ರೆಗಳನ್ನು ಬೇರೆ ಸರಿಸಿದರು. "ಮೂರು ಜಾಸ್ತಿ. ಸಕ್ಕರೇದು ಮೂರು ಕಮ್ಮಿ ಅಂದ್ರಲ್ಲ, ಅದೇ ಮೂರು."

ಡಾಕ್ಟರಮ್ಮನಿಗೆ ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಅವರು ಅರ್ಧ ಬರೆದಿದ್ದ ಗಡಿಯಾರದ ಹಾಳೆಯನ್ನು ಎಳೆದುಕೊಂಡು ಮಡಚಿ ಕಸದ ಬುಟ್ಟಿಗೆ ಹಾಕಿದರು. "ಪಾಟಿ, ಉಂಗಳುಕ್ಕು ಒಣ್ಣುಮೇ ಇಲ್ಲೆ. ವೀಟ್ಟುಕ್ಕು ಪೋಂಗ" ಎಂದು, ಏನೂ ಇಲ್ಲ, ಮನೆಗೆ ಹೋಗಿ ಎನ್ನುವ ಹಾಗೆ ಬಾಗಿಲ ಕಡೆ ಕೈ ತೋರಿಸಿ ನಕ್ಕರು. ಮುರಳಿ ಅಲ್ಲೇ ಗೋಡೆಗೆ ಒರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಅತ್ತೆ ನಗಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ಮಗು ಎಲ್ಲಿ?" ಎಂದರು.

ಮಗು ಶಾಲೆಯ ಗೇಟಿನ ಒಳಗೆ, ಕಾವಲಿನವರ ಕುರ್ಚಿಯಲ್ಲಿ ಚಾರ್ಟು ಸುತ್ತಿಕೊಂಡು ಕೂತಿತ್ತು. ಅತ್ತುಅತ್ತು ಮೂಗು ಕೆಂಪಾಗಿತ್ತು. ತೀರ್ಪುಗಾರರ ಮುಂದೆ ಒಂದು ಮಾತೂ ಆಡಲಾಗದೆ ಎದ್ದು ಬಂದಳಂತೆ, ಬಹುಮಾನದ ಮಾತು ಹಾಗಿರಲಿ. ಅಜ್ಜಿ ಆ ಮಂಡಿಯಲ್ಲಿ ಆಟೋದಿಂದ ಇಳಿದು ಬರುವುದನ್ನು ನೋಡಿ ಎದ್ದು ನಿಂತಳು, ಮುಂದೆ ಬರಲು ಧೈರ್ಯವಿಲ್ಲ. ಅತ್ತೆಯೇ ಹೋಗಿ ಅವಳ ಮುಖವನ್ನು ಸೆರಗಿನಲ್ಲಿ ಒರೆಸಿದರು.

"ಏನು ಹಚ್ಚಿದೆ ಅದಕ್ಕೆ?"

"ನೈಲ್ ಪಾಲಿಶ್ ರಿಮೂವರ್" ಎಂದು ಬಿಕ್ಕಳಿಸಿದಳು.

"ಪೂರ್ತಿ ಹೋಯ್ತಾ?"

"ಪೂರ್ತಿ ಪೋಚ್ಚು ಅಜ್ಜಿ."

"ಮತ್ತೆ ಅದನ್ನ ಅವರಿಗೆ ಹೇಳೋಕೆ ಏನಾಗಿತ್ತು ನಿನಗೆ, ಪೆದ್ದೀ" ಎಂದರು. ವೈಷು ಅಜ್ಜಿಯ ಹೊಟ್ಟೆಗೆ ಮುಖ ಒತ್ತಿಕೊಂಡು ಗೊಳೋ ಎಂದು ಅತ್ತಳು.

ಇದಾದ ಮೇಲೆ ಹುಡುಗಿ ಹಟ ಹಿಡಿದು ಕನ್ನಡ ಓದಲು ಕಲಿತಳು ಎಂದು ಬರೆಯುವ ಆಸೆಯಿದೆ. ಎರಡು ವಾರ ಸ್ಲೇಟು ಹಿಡಿದಳು, ಆಮೇಲೆ ಅರ್ಧ ವಾರ್ಷಿಕ ಪರೀಕ್ಷೆ ಬಂತು, ಅಲ್ಲಿಗೆ ಮುಗಿಯಿತು. ಈಗಲೂ ಅವಳಿಗೆ ಬರುವುದು ಮೂರು ಮುಚ್ಚಳದ ಅಕ್ಷರಗಳಷ್ಟೇ. ನಾನು ಬೇರೆ ಬೇರೆ ಅಳತೆಯ ಡಬ್ಬಿಗಳನ್ನು ತಂದೆ. ಮುಚ್ಚಳದ ಮೇಲೆ ಬರೆಯುವುದನ್ನು ಬಿಟ್ಟು ಡಬ್ಬಿಯ ಹೊಟ್ಟೆಯ ಮೇಲೆ ಬರೆದೆ. ಅತ್ತೆ ಇನ್ನೂ ನಾಲ್ಕು ವರ್ಷ ಇದ್ದರು, ಕೊನೆಯ ತಿಂಗಳವರೆಗೂ ತಮ್ಮ ಮಾತ್ರೆ ತಾವೇ ತೆಗೆದುಕೊಂಡರು.

ಆದರೆ ಆ ಶನಿವಾರದ ಸಂಜೆಯ ಮಾತು ಒಂದಿದೆ. ಮುರಳಿ ರೆಗ್ಯುಲೇಟರನ್ನು ಮೇಲಿಂದ ತೆಗೆದು ಸಿಲಿಂಡರಿಗೆ ಹಾಕಿ, ತಾಯಿಯ ಮುಖ ನೋಡಲಾರದೆ ಹಾಲು ತರುವ ನೆಪದಲ್ಲಿ ಕೆಳಗೆ ಹೋಗಿದ್ದರು. ಅತ್ತೆ ಕಾಫಿಗೆ ಡಿಕಾಕ್ಷನ್ ಹಾಕಲು ನಿಂತರು. ಹನ್ನೊಂದು ದಿನದ ಮೇಲೆ ಒಲೆಯ ಮುಂದೆ ನಿಂತದ್ದು. ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಬೈದುಬಿಡಲಿ, ಹಗುರಾಗಲಿ ಎಂದು ಕಾಯುತ್ತಿದ್ದೆ. ಅವರು ಬೈಯದೆ ಇದ್ದಾಗ ನಾನೇ, "ತಪ್ಪಾಯ್ತು ಅತ್ತೆ. ನಾವು ಹಾಗೆ ನಂಬಬಾರದಿತ್ತು" ಎಂದೆ.

ಅವರು ಫಿಲ್ಟರಿಗೆ ಪುಡಿ ಹಾಕಿ, ಒತ್ತಿ, ಬಿಸಿ ನೀರು ಸುರಿದರು.

"ನೀವು ನಂಬಿದ್ದಕ್ಕೆ ನನಗೇನೂ ಇಲ್ಲ ಕಣೇ ಸುಮಾ. ನೀವೆಲ್ಲ ಮನೆಯಿಂದ ಹೊರಗೆ ಇರೋರು, ನಿಮಗೇನು ಗೊತ್ತು. ನಾನು ಇದ್ದೆನಲ್ಲ ಇಲ್ಲೇ. ಬುಧವಾರ ಬೆಳಗ್ಗೆ ಸಕ್ಕರೆ ಡಬ್ಬಿಯಿಂದ ಒಂದೇ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದು, ನೀರು ಕುಡಿದಿದ್ದು, ಲೋಟ ಬೋರಲು ಹಾಕಿದ್ದು, ಎಲ್ಲಾ ನನಗೆ ನೆನಪಿತ್ತು. ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು." ಫಿಲ್ಟರಿನ ಮುಚ್ಚಳ ಹಾಕಿದರು. "ಆದ್ರೂ ನೀವೆಲ್ಲ ಹೇಳಿದಿರಿ ಅಂತ ನಾನೂ ಅದು ಸುಳ್ಳು ಅಂದುಕೊಂಡುಬಿಟ್ಟೆನಲ್ಲೇ."